ಸೇತುವೆ ದಾಟದ ಕಾರು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ದೂರು ಕೊಡಲು ಬಂದವರು ಸಾಮಾನ್ಯವಾಗಿ ಅಳುತ್ತಾರೆ, ಇಲ್ಲವೇ ಕೂಗಾಡುತ್ತಾರೆ. ಈಕೆ ಎರಡನ್ನೂ ಮಾಡದೆ, ನಾಲ್ಕು ಪುಟ ಬರೆದು ತಂದಿದ್ದ ಕಾಗದವನ್ನು ಇನ್ಸ್‌ಪೆಕ್ಟರ್ ಮುಂದಿಟ್ಟಳು. ವಯಸ್ಸು ಮೂವತ್ತನಾಲ್ಕು, ಉದ್ಯೋಗ ಹೆಂಗಸರಿಗೆ ಕಾರು ಕಲಿಸುವುದು. ಜೊತೆಗೆ ಅವಳ ತಂದೆ ಬಂದಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದ, ಇಸ್ತ್ರಿ ಅಂಗಿಯ ಯಜಮಾನರು.

"ಕಾರು ಕೆಟ್ಟರೆ ಗ್ಯಾರೇಜಿಗೆ ಹೋಗ್ಬೇಕಮ್ಮ," ಎಂದ ಇನ್ಸ್‌ಪೆಕ್ಟರ್.

"ಕೆಟ್ಟಿಲ್ಲ ಸಾರ್. ಕೆಡಿಸಿದ್ದಾರೆ. ಮೂರು ಸಲವೂ ಒಂದೇ ಜಾಗದಲ್ಲಿ, ನದಿ ಸೇತುವೆ ನಡುಮಧ್ಯ, ಎಂಜಿನ್ ಆಫ್ ಆಗಿದೆ. ಈಚೆಗೆ ಎಳೆದು ತಂದ್ರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತೆ. ನಿನ್ನೆ ಕಲಿಯೋಕೆ ಬಂದಿದ್ದ ಟೈಲರಮ್ಮ ಸ್ಟಿಯರಿಂಗ್ ಹಿಡಿದಿದ್ರು. ಹಿಂದೆ ಲಾರಿ ಇತ್ತು."

"ಗುದ್ದಿತಾ?"

"ಗುದ್ದಿತು. ಟೈಲರಮ್ಮನ ಬಲಗೈ ಮಣಿಕಟ್ಟು ಮುರಿದಿದೆ. ಇನ್ನು ಕತ್ತರಿ ಹಿಡೀತಾರೋ ಇಲ್ವೋ, ಡಾಕ್ಟರಿಗೂ ಗೊತ್ತಿಲ್ಲ."

ಕಾರನ್ನು ನೋಡಿದ ಆಟೋ ಎಲೆಕ್ಟ್ರಿಷಿಯನ್, ಡ್ಯಾಶ್‌ಬೋರ್ಡಿನ ಒಳಗೆ ಇರಬಾರದ ಡಬ್ಬಿಯೊಂದಿದೆ, ಮುಟ್ಟಬೇಡಿ, ಪೊಲೀಸರಿಗೆ ಹೇಳಿ ಎಂದಿದ್ದನಂತೆ. ಅವಳೂ ಬಗ್ಗಿ ಟಾರ್ಚ್ ಬಿಟ್ಟು ನೋಡಿದ್ದಳು.

"ಯಾರ ಮೇಲಾದ್ರೂ ಅನುಮಾನ?"

ಅವಳು ತಂದೆಯತ್ತ ನೋಡಿದಳು. ಯಜಮಾನರು, "ಸೆಕೆಂಡ್ ಹ್ಯಾಂಡ್ ಗಾಡಿ ಸಾರ್. ಹಳೇ ಓನರ್ ಹಾಕಿಸಿರ್ಬೇಕು," ಎಂದರು.

"ಅಪರಿಚಿತ ಅಂತಲೇ ಬರ್ಕೊಳ್ಳಿ," ಎಂದಳು ಮಗಳು.

ಎಫ್‌ಐಆರ್ ಟೈಪಾಗುವಷ್ಟರಲ್ಲಿ ಠಾಣೆಯ ಫೋನು ಬಡಿದುಕೊಂಡಿತು. ಆ ಫೋನಿನಲ್ಲಿ ಎರಡು ವರ್ಷದಿಂದ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು. ಕಾನ್‌ಸ್ಟೆಬಲ್ "ಹಲೋ, ಹಲೋ" ಎಂದು ಗಂಟಲು ಹರಿದುಕೊಳ್ಳುವುದನ್ನು ಕಂಡು ಯಜಮಾನರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಗೋಡೆಯ ಪೆಟ್ಟಿಗೆ ಬಿಚ್ಚಿದರು, ತಂತಿಯ ತುದಿ ಕೆರೆದು ಬಿಗಿದರು, ಜೋತಾಡುತ್ತಿದ್ದ ವೈರನ್ನು ಒಟ್ಟುಮಾಡಿ ಜೇಬಿನಿಂದ ಏನನ್ನೋ ತೆಗೆದು ಕಟ್ಟಿದರು. ಐದೇ ನಿಮಿಷ. ಗೊರಗೊರ ನಿಂತಿತು.

ಈ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ರೇಡಿಯೋ ಎಂದೇ ಹೆಸರು. ಒಮ್ಮೆ ಶುರುವಾದರೆ ಕಿವಿ ಹಿಂಡಿದರೂ ನಿಲ್ಲುವವನಲ್ಲ. "ಯಜಮಾನ್ರ ಕೈ ಅಂದ್ರೆ ಕೈ ಸಾರ್. ಇಲಾಖೆಗೆ ಇಪ್ಪತ್ತು ಅರ್ಜಿ ಬರೆದಿದ್ದೆ," ಎಂದು ಮಧ್ಯಾಹ್ನದವರೆಗೂ ಅದನ್ನೇ ಹಾಡಿದ.

ಹನ್ನೆರಡನೇ ತಾರೀಖು, ಹನ್ನೊಂದು ಗಂಟೆಗೆ ಗ್ಯಾರೇಜಿನಲ್ಲಿ ಪಂಚನಾಮೆ. ಟೈರ್ ಅಂಗಡಿಯವನು ಮತ್ತು ಝೆರಾಕ್ಸ್ ಅಂಗಡಿಯವನು ಪಂಚರು. ಕಾರಿನೊಳಗೆ ಯಾವುದು ಕಂಪನಿಯದು, ಯಾವುದು ಹೊರಗಿನದು ಎಂದು ಇನ್ಸ್‌ಪೆಕ್ಟರಿಗೆ ತಿಳಿಯದು. ಹಾಗೆಂದು ತಿಳಿದವನಂತೆ ತಲೆಯಾಡಿಸುವ ಚಾಳಿಯೂ ಅವನಿಗಿರಲಿಲ್ಲ. ಅದೇ ಮಾದರಿಯ, ಅದೇ ವರ್ಷದ ಇನ್ನೊಂದು ಕಾರನ್ನು ಟ್ಯಾಕ್ಸಿ ಸ್ಟ್ಯಾಂಡಿನಿಂದ ತರಿಸಿ ಪಕ್ಕದಲ್ಲಿ ನಿಲ್ಲಿಸಿದ.

"ಎರಡರಲ್ಲೂ ಇರೋದು ಕಂಪನಿದು. ಇದರಲ್ಲಿ ಮಾತ್ರ ಇರೋದನ್ನ ತೋರ್ಸು," ಎಂದ ಎಲೆಕ್ಟ್ರಿಷಿಯನ್‌ಗೆ.

ಒಂದೊಂದಾಗಿ ಬಿಚ್ಚಿದರು. ಚಾವಣಿಯ ಮೇಲಿನ ಮೀನಿನ ಈಜುರೆಕ್ಕೆಯಂಥದು ರೇಡಿಯೋ ಆಂಟೆನಾ, ಎರಡರಲ್ಲೂ ಇತ್ತು. ಗಾಜಿಗೆ ಅಂಟಿಸಿದ್ದು ಟೋಲ್ ಚೀಟಿ. ಆದರೆ ಡ್ಯಾಶ್‌ಬೋರ್ಡಿನ ತಟ್ಟೆ ಎತ್ತಿದಾಗ ಬೆಂಕಿಪೊಟ್ಟಣದಷ್ಟು ಚೌಕಾಕಾರದ ಕಪ್ಪು ಬಿಲ್ಲೆ ಸಿಕ್ಕಿತು. ಅದು ಟ್ಯಾಕ್ಸಿಯಲ್ಲಿರಲಿಲ್ಲ.

"ಇದೇನು?"

"ಇದೂ ಆಂಟೆನಾನೇ ಸಾರ್. ಆಕಾಶ ನೋಡ್ಕೊಂಡು ಮಲಗುತ್ತೆ. ಉಪಗ್ರಹದಿಂದ ಕಾರು ಎಲ್ಲಿದೆ ಅಂತ ತಿಳ್ಕೊಳ್ಳುತ್ತೆ."

ಗ್ಲೋವ್ ಬಾಕ್ಸಿನ ಹಿಂದೆ ಟೇಪಿನಂಥ ತೆಳು ಪಟ್ಟಿ. ಅದು ಫೋನ್ ಟವರಿನ ಜೊತೆ ಮಾತಾಡುವ ಆಂಟೆನಾ. ಎರಡರ ತಂತಿಯೂ ಹೋಗಿ ಸೇರಿದ್ದು ಸ್ಟಿಯರಿಂಗಿನ ಕೆಳಗಿನ ಡಬ್ಬಿಗೆ. ಡಬ್ಬಿಯಲ್ಲಿ ಒಂದು ಸಿಮ್. ಅಲ್ಲಿಂದ ಹೊರಟ ಇನ್ನೊಂದು ತಂತಿಯ ಕೊನೆಯಲ್ಲಿ ಸಕ್ಕರೆ ಅಚ್ಚಿನಷ್ಟು ಪುಟ್ಟ ರಿಲೇ ಸ್ವಿಚ್ಚು. ಪೆಟ್ರೋಲ್ ಪಂಪಿಗೆ ಹೋಗುವ ವೈರನ್ನು ಕತ್ತರಿಸಿ ಅದರ ಮೂಲಕ ಹಾಯಿಸಿದ್ದರು.

"ಸೇತುವೆ ಗೆರೆ ಅಂತ ಡಬ್ಬಿಗೆ ಹೇಳಿಟ್ಟಿದ್ದಾರೆ. ಕಾರು ಗೆರೆ ದಾಟಿದ ತಕ್ಷಣ ರಿಲೇ ಬೀಳುತ್ತೆ, ಪೆಟ್ರೋಲ್ ನಿಲ್ಲುತ್ತೆ," ಎಂದ ಎಲೆಕ್ಟ್ರಿಷಿಯನ್. ಆಮೇಲೆ ತಡೆದು, "ಒಂದ್ಮಾತು ಸಾರ್. ಕೆಲಸ ಹಲ್ಕಾ ಆದ್ರೂ ಕೈ ಹಲ್ಕಾ ಅಲ್ಲ. ನಾವೆಲ್ಲ ವೈರ್ ಕಟ್ಟೋದು ಪ್ಲಾಸ್ಟಿಕ್ ಪಟ್ಟಿಲಿ. ಇಲ್ನೋಡಿ."

ತಂತಿಗಳನ್ನು ಮೇಣ ಹಚ್ಚಿದ ಬಿಳಿ ದಾರದಿಂದ ಜಡೆ ಹೆಣೆದಂತೆ ಕಟ್ಟಿದ್ದರು. ಎರಡು ಬೆರಳಿಗೊಂದು ಗಂಟು, ಕೊನೆಯಲ್ಲಿ ಮಡಚಿ ಎಳೆದ ಜೋಡಿ ಗಂಟು. ಪೆಟ್ಟಾಗಿದ್ದ ಆ ಕಾರಿನಲ್ಲಿ ಅಚ್ಚುಕಟ್ಟಾಗಿದ್ದ ವಸ್ತು ಅದೊಂದೇ. ದಾರವನ್ನು ಬಿಚ್ಚದೆ ಹಾಗೆಯೇ ಲಕೋಟೆಗೆ ಹಾಕಿ ಅರಗು ಒತ್ತಿದರು. ಪಂಚನಾಮೆ ಮುಗಿದಾಗ ಒಂದು ನಲವತ್ತು.

ಹಳೇ ಓನರನ್ನು ಕರೆಸಿ ಕೇಳಿದ್ದಾಯಿತು. ಬಲ್ಬ್ ಬದಲಾಯಿಸಲೂ ಬಾರದ ಹಲ್ಲಿನ ಡಾಕ್ಟರ್. ಅಷ್ಟರಲ್ಲಿ ಮೇಲಿನ ಅಧಿಕಾರಿ, ಸಣ್ಣ ವಿಚಾರಕ್ಕೆ ಎಷ್ಟು ದಿನ ಎಳೆಯುತ್ತೀರಿ, ತಾಂತ್ರಿಕ ದೋಷ ಎಂದು ಬರೆದು ಮುಗಿಸಿ ಎಂದು ಫೋನ್ ಮಾಡಿದರು. ಗೊರಗೊರ ಇಲ್ಲದ್ದರಿಂದ ಪ್ರತಿಯೊಂದು ಅಕ್ಷರವೂ ಕೇಳಿಸಿತು, ಕೇಳಿಸಲಿಲ್ಲ ಎನ್ನುವ ನೆಪವೂ ಉಳಿಯಲಿಲ್ಲ.

"ಮಣಿಕಟ್ಟು ಮುರಿದದ್ದು ತಾಂತ್ರಿಕ ದೋಷ ಅಲ್ಲ ಸಾರ್. ಬರೆಯಲ್ಲ," ಎಂದು ಇನ್ಸ್‌ಪೆಕ್ಟರ್ ಫೋನ್ ಇಟ್ಟ.

ಹತ್ತೊಂಬತ್ತರಂದು ಸಿಮ್‌ನ ವಿವರ ಬಂತು. ಚಂದಾದಾರ ಸತ್ತು ಎರಡು ವರ್ಷವಾಗಿದೆ. ಉದ್ಯೋಗದ ಜಾಗದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್, ನಿವೃತ್ತ ಎಂದಿತ್ತು.

ಇನ್ಸ್‌ಪೆಕ್ಟರ್ ಆ ಸಾಲಿನ ಕೆಳಗೆ ಗೆರೆ ಎಳೆದ. ಆಮೇಲೆ ಎದ್ದು ಗೋಡೆಯ ಫೋನಿನ ಹತ್ತಿರ ಹೋದ. ವೈರಿಗೆ ಮೇಣದ ಬಿಳಿ ದಾರ. ಎರಡು ಬೆರಳಿಗೊಂದು ಗಂಟು. ಕೊನೆಯಲ್ಲಿ ಮಡಚಿ ಎಳೆದ ಜೋಡಿ ಗಂಟು. ಎಂಟು ದಿನದಿಂದ ಸಾಕ್ಷಿ ಕಣ್ಣೆದುರೇ ನೇತಾಡುತ್ತಿತ್ತು.

"ರೇಡಿಯೋ."

"ಸಾರ್."

"ಯಜಮಾನ್ರ ಕೈ ಅಂದ್ರೆ ಕೈ ಅಂದೆಯಲ್ಲ. ಬಾ, ನೋಡು."

ನೋಡಿದ ರೇಡಿಯೋ, ಸೇವೆಗೆ ಸೇರಿದಂದಿನಿಂದ ಮೊದಲ ಬಾರಿಗೆ, ಏನೂ ಮಾತಾಡಲಿಲ್ಲ.

ಇಪ್ಪತ್ತನೇ ತಾರೀಖು ಬೆಳಿಗ್ಗೆ ಎಂಟೂವರೆಗೆ ಮನೆ ಶೋಧ. ಯಜಮಾನರ ಕೋಣೆಯಲ್ಲಿ ಉಪಕರಣಗಳೆಲ್ಲ ಗಾತ್ರದ ಪ್ರಕಾರ ಮೊಳೆಗೆ ತೂಗಿದ್ದವು. ಮೇಜಿನ ಖಾನೆಯಲ್ಲಿ ದಾರದ ಉಂಡೆ, ಬೆಸುಗೆ ಕಡ್ಡಿ, ಎರಡನೆಯ ಮೊಬೈಲು. ಮೊಬೈಲಿನಲ್ಲಿ ಡಬ್ಬಿ ಕಳಿಸಿದ ಸಂದೇಶಗಳಿದ್ದವು. ಮಗಳು ಬಾಗಿಲ ಬಳಿ ನಿಂತಿದ್ದಳು.

"ಇದು ಯಾರ ಕೆಲಸ ಯಜಮಾನ್ರೇ?"

"ನಂದೇ. ಬರ್ಕೊಳ್ಳಿ. ಒಂದು ಬೆಸುಗೆಯಾದ್ರೂ ಬಿಟ್ಟಿದೆಯಾ ಹೇಳಿ."

"ಒಬ್ಬರ ಕೈ ಮುರಿದಿದೆ."

"ಅದಕ್ಕೆ ಬೇಜಾರಿದೆ. ಹಾಕಿದ್ದಕ್ಕಿಲ್ಲ. ನನ್ನ ಮಗಳು ಎಲ್ಲಿಗೆ ಹೋಗ್ಬೇಕು, ಎಲ್ಲಿಗೆ ಬೇಡ, ನೋಡೋದು ನನ್ನ ಜವಾಬ್ದಾರಿ. ಇದು ಮನೆ ವಿಷಯ." ಮಗಳ ಕಡೆ ತಿರುಗಿದರು. "ಹೇಳೇ. ಅಪ್ಪ ಅಂತ ಗೊತ್ತಿರ್ಲಿಲ್ಲ, ಕೇಸು ವಾಪಸ್ ತಗೋತೀನಿ ಅಂತ ಹೇಳು."

"ಗೊತ್ತಿತ್ತು," ಎಂದಳು ಮಗಳು.

ಯಜಮಾನರು ಮೊಳೆಯಲ್ಲಿ ಓರೆಯಾಗಿದ್ದ ಇಕ್ಕಳವೊಂದನ್ನು ನೇರ ಮಾಡಿದರು.

"ಟಾರ್ಚ್ ಬಿಟ್ಟಾಗಲೇ ದಾರ ಕಾಣಿಸ್ತು. ಆ ಗಂಟು ನಂಗೆ ಏಳನೇ ವಯಸ್ಸಲ್ಲಿ ಕಲಿಸಿದ್ದು ನೀನೇ ಅಲ್ವಾ ಅಪ್ಪಾ. ಸ್ಟೇಷನ್ನಿಗೆ ಹೋಗೋ ದಾರಿಲಿ ಎರಡು ಸಲ ಕೇಳ್ದೆ, ಯಾರು ಹಾಕಿರ್ಬೋದು ಅಂತ. ನೀನು ಹಳೇ ಓನರ್ ಅಂದೆ."

"ಹಾಗಿದ್ರೆ ಮನೇಲೇ ಕೇಳ್ಬಹುದಿತ್ತಲ್ಲ."

"ಮನೇಲಿ ಕೇಳಿದ್ರೆ ಅದು ಜಗಳ. ನೀನು ಊಟ ಬಿಡ್ತಿದ್ದೆ, ನಾನು ಕ್ಷಮೆ ಕೇಳ್ತಿದ್ದೆ, ಡಬ್ಬಿ ಅಲ್ಲೇ ಇರ್ತಿತ್ತು. ಸ್ಟೇಷನ್ನಲ್ಲಿ ಬರೆದ್ರೆ ಅದು ಅಪರಾಧ." ಅವಳು ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಎಲ್ಲಿ ಸಹಿ ಹಾಕ್ಬೇಕು ಸಾರ್?"

ಒಂಬತ್ತು ಹದಿನೈದಕ್ಕೆ ಬಂಧನ. ಯಜಮಾನರು ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ತಾವೇ ಮುಂದಾಗಿ ಜೀಪು ಹತ್ತಿದರು.

ಸಿಮ್ ಸತ್ತ ಸಹೋದ್ಯೋಗಿಯದೆಂದು ಅವರ ಹೇಳಿಕೆಯಲ್ಲಿದೆ, ಕಾರಣ ಅದರ ಕೊನೆಯ ಪುಟದಲ್ಲಿದೆ. ಇಪ್ಪತ್ತೆರಡು ವರ್ಷದ ಹಿಂದೆ ಅವರ ಹೆಂಡತಿ ಒಂದೇ ಚೀಲ ಹಿಡಿದು ಬಸ್ಸಿನಲ್ಲಿ ಆ ಸೇತುವೆ ದಾಟಿದಳು, ತಿರುಗಿ ಬರಲಿಲ್ಲ. ಊರಿನ ನಾಲ್ಕು ಸಾವಿರ ಫೋನುಗಳನ್ನು ಕಾದವರಿಗೆ ಅವಳಿಂದ ಒಂದು ಕರೆಯೂ ಬರಲಿಲ್ಲ. ಹೋದ ತಿಂಗಳು ಮಗಳು, ಸೇತುವೆಯಾಚೆ ಇನ್ನೊಂದು ಡ್ರೈವಿಂಗ್ ಸ್ಕೂಲಿಗೆ ಜಾಗ ನೋಡಿದ್ದೇನೆ ಎಂದಿದ್ದಳು. ಹೆಂಡತಿ ಏಕೆ ಹೋದಳು ಎಂದು ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿಲ್ಲ. ಆ ಸಾಲು ಖಾಲಿಯಿದೆ.

ಕತ್ತರಿಸಿದ ವೈರನ್ನು ಎಲೆಕ್ಟ್ರಿಷಿಯನ್ ಜೋಡಿಸಿಕೊಟ್ಟ ಮೇಲೆ ಸಂಜೆ ನಾಲ್ಕಕ್ಕೆ ಕಾರು ಬಿಡುಗಡೆಯಾಯಿತು, ಮಗಳು ಸ್ಟಿಯರಿಂಗ್ ಹಿಡಿದಳು. ಟೈಲರಮ್ಮ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು ಪಕ್ಕದ ಸೀಟಿನಲ್ಲಿ ಕೂತಳು, ಮಿಕ್ಕ ಪಾಠವನ್ನು ನೋಡಿಯಾದರೂ ಕಲಿಯುತ್ತೇನೆಂದು. ಇನ್ಸ್‌ಪೆಕ್ಟರ್ ಜೀಪಿನಲ್ಲಿ ಹಿಂಬಾಲಿಸಿದ. ತನಿಖೆಗೆ ಅದರ ಅಗತ್ಯವಿರಲಿಲ್ಲ. ಕಾರು ಸೇತುವೆಯ ನಡುಮಧ್ಯಕ್ಕೆ ಬಂತು, ವೇಗ ಕಡಿಮೆ ಮಾಡದೆ ಆಚೆ ದಡ ಸೇರಿತು.

ಠಾಣೆಗೆ ಮರಳಿ, ಹೋಲಿಕೆಗಾಗಿ ಗೋಡೆಯ ಫೋನಿನ ದಾರವನ್ನೂ ಗಂಟು ಕೆಡದಂತೆ ಕತ್ತರಿಸಿ ಲಕೋಟೆಗೆ ಹಾಕಿಸಿದ. ವೈರು ಮತ್ತೆ ಜೋತುಬಿತ್ತು. ಮರುದಿನದಿಂದ ಫೋನಿನಲ್ಲಿ ಗೊರಗೊರ ಶುರುವಾಗಿದೆ. ರೇಡಿಯೋ ಇಪ್ಪತ್ತೊಂದನೆಯ ಅರ್ಜಿ ಬರೆದಿದ್ದಾನೆ.