ಗಾಡಿ ಸುಮ್ಮನಾದ ರವಿವಾರ

ರೇಣುಗೆ ಗಂಡನ ಬೆನ್ನು ಚೆನ್ನಾಗಿ ಗೊತ್ತಿತ್ತು. ಮುಖವೇ ಅಷ್ಟಾಗಿ ಗೊತ್ತಿರಲಿಲ್ಲ.

ಯುಗಾದಿಗೆ ಮುಂಚೆ ಮದುವೆಯಾಗಿ ಕಾತ್ರಜದ ಈ ಚಾಳಿಗೆ, ಸಾಲುಮನೆಗಳ ವಠಾರಕ್ಕೆ, ಬಂದವಳು. ಈಗ ದಸರೆ ಹತ್ತಿರ ಬಂದಿತ್ತು. ಮನೆಯೆಂದರೆ ಒಂದು ಹಾಲ್, ಒಂದು ಅಡುಗೆಮನೆ. ಹಾಲ್‌ನಲ್ಲಿ ಮಾವ ಕಾಡಪ್ಪನವರೂ ಗಂಡ ಶಿವಪ್ರಕಾಶನೂ ಮಲಗಿದರೆ, ಅಡುಗೆಮನೆಯಲ್ಲಿ ಅತ್ತೆ ನಾಗವ್ವ, ನಾದಿನಿ ಸಪ್ನಾ, ಇಬ್ಬರ ನಡುವೆ ರೇಣು. ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ನೀರು ಬೇಕಾದರೆ ಶಿವಪ್ರಕಾಶ ಗೋಡೆಗೆ ಹೇಳುತ್ತಿದ್ದ, ರೇಣು ತಂದು ಗೋಡೆಯ ಪಕ್ಕ ಇಡುತ್ತಿದ್ದಳು. ಇಂಥ ಸಂಸಾರಕ್ಕೆ ತಾಳಿ ಬೇರೆ ಕೇಡು!

ದಿನಾ ಬೆಳಿಗ್ಗೆ ಅವನು ಬೈಕ್ ಹತ್ತಿ ದೂರದ ರಾಂಜಣಗಾಂವದ ಫ್ಯಾಕ್ಟರಿಗೆ ಹೊರಟಾಗ ಗ್ಯಾಲರಿಯಿಂದ ಕಾಣುವ ಬೆನ್ನಷ್ಟೇ ಅವಳ ಪಾಲಿನದು.

ಆ ವಾರ ಯಾವುದೋ ಗುಂಡಿಗೆ ಬಿದ್ದು ಗಾಡಿಯ ಸೈಲೆನ್ಸರ್ ತೂತಾಯಿತು. ಚಾಲು ಮಾಡಿದರೆ ಚಾಳಿನ ತಗಡೆಲ್ಲ ನಡುಗುತ್ತಿತ್ತು. ಎದುರುಮನೆಯವರು ಬಂದು ಮರಾಠಿಯಲ್ಲಿ ಬೈದುಹೋದ ಮೇಲೆ ಕಾಡಪ್ಪನವರು ಮಗನಿಗೆ ಅಪ್ಪಣೆ ಮಾಡಿದರು.

"ಇವತ್ತ ರವಿವಾರ ಅದ. ಮನ್ಯಾಗ ಕುಂತು ರಿಪೇರಿ ಮಾಡು."

"ಹಿಡಕೊಳ್ಳಾಕ ಒಬ್ಬರು ಬೇಕ್ರಿ ಅಪ್ಪಾ."

ಸಪ್ನಾ ಕ್ಲಾಸಿಗೆ ಹೋಗಿದ್ದಳು. ಕಾಡಪ್ಪನವರು ಸುತ್ತ ಕಣ್ಣಾಡಿಸಿದರು. ಸಿಕ್ಕವಳು ಸೊಸೆ ಮಾತ್ರ.

ರೇಣು ಅಂಗಳಕ್ಕೆ ಇಳಿದಳು. ಮೇಲೆ ಗ್ಯಾಲರಿಯಲ್ಲಿ ಮಾವ ಪೇಪರ್ ಬಿಡಿಸಿಕೊಂಡು ಕೂತರು. ಅತ್ತೆ ಮೆಂತ್ಯದ ಸೊಪ್ಪು ಹಿಡಿದು ಪಕ್ಕದಲ್ಲೇ ಕೂತರು.

"ತೂತು ಎಲ್ಲದ ನೋಡಬೇಕು. ನಾ ಚಾಲು ಮಾಡ್ತೀನಿ, ಕೈ ಅಡ್ಡ ಹಿಡಿ," ಎಂದು ಶಿವಪ್ರಕಾಶ ಸೈಲೆನ್ಸರಿಗೆ ಹೇಳಿದ.

ಗಾಡಿ ಅಬ್ಬರಿಸಿತು. ರೇಣು ಕುಕ್ಕರುಗಾಲಲ್ಲಿ ಕೂತು ಅಂಗೈ ಹಿಡಿದಳು. ಬಿಸಿ ಗಾಳಿ ಅಂಗೈಗೆ ತಾಗಿತು. ಆಗ ಕಿವಿಯ ಹತ್ತಿರವೇ ಒಂದು ದನಿ ಕೇಳಿತು.

"ರೇಣು, ಹಸರು ಸೀರಿ ನಿನಗ ಭಾಳ ಛಂದ ಕಾಣಸ್ತದ."

ಅವಳು ಬೆಚ್ಚಿ ತಲೆಯೆತ್ತಿದಳು. ಅವನು ಗಂಭೀರವಾಗಿ ಕೊಳವೆಯನ್ನೇ ನೋಡುತ್ತಿದ್ದ.

"ಕೆಳಗ ನೋಡಿ ಮಾತಾಡು. ಅವ್ವ ನೋಡಾಕತ್ತಾಳ."

"ನನ್ನ ಹೆಸರು ನಿಮಗ ಗೊತ್ತಿತ್ತೇನ್ರಿ?"

"ದಿನಾ ಹೆಲ್ಮೆಟ್ ಒಳಗ ಕರೀತೀನಿ."

"ಅಲ್ಲಿ ಯಾರು ಓ ಅಂತಾರ್ರಿ?"

ಅವನ ತುಟಿಯಂಚು ಅಲುಗಿತು. ನಗು ತಡೆಯಲು ರೇಣು ಸೆರಗು ಕಚ್ಚಿದಳು. ತೂತು ಆಗಲೇ ಸಿಕ್ಕಿತ್ತು, ಆದರೂ ಅವನು ಬಹಳ ಹೊತ್ತು ಹುಡುಕಿದ.

ಗಾಡಿ ಬಂದ್ ಆದೊಡನೆ ಮಾತೂ ಬಂದ್. ಅವನು ಮರಳುಕಾಗದದಿಂದ ತುಕ್ಕು ಉಜ್ಜಿದ, ಶೇಂಗಾ ಎಣ್ಣೆಯ ಖಾಲಿ ಡಬ್ಬಿಯಿಂದ ತಗಡು ಕತ್ತರಿಸಿದ. ನಡುನಡುವೆ "ಟೆಸ್ಟ್" ಎಂದು ಮೇಲಕ್ಕೆ ಕೇಳುವಂತೆ ಹೇಳಿ ಮತ್ತೆ ಕಿಕ್ ಹೊಡೆಯುತ್ತಿದ್ದ. ಪ್ರತಿ ಟೆಸ್ಟಿಗೂ ರೇಣುಗೆ ಗಂಡ ಇನ್ನಷ್ಟು ಸಿಕ್ಕ.

"ರಾಂಜಣಗಾಂವದಾಗ ನನ್ನ ದೋಸ್ತ ದೇವಾನಂದನ ರೂಮ್ ಖಾಲಿ ಆಗೇದ. ನಳದಾಗ ದಿನಾ ನೀರು ಬರ್ತದ. ಇವತ್ತ ಸಂಜೀ ಒಳಗ ಹೂಂ ಅನ್ನಬೇಕು, ಇಲ್ಲಂದ್ರ ಬ್ಯಾರೆಯವರಿಗೆ ಕೊಡ್ತಾನ."

ರೇಣುವಿನ ಕಣ್ಣು ಅರಳಿತು. "ಮಾವಾರಿಗೆ ಹೇಳಿದ್ರೇನು?"

ಅವನು ಆಕ್ಸಿಲರೇಟರ್ ತಿರುವಿದ. ಗಾಡಿ ಕಿರುಚಿಕೊಂಡಿತು. ಅವಳಿಗೆ ಉತ್ತರ ತಿಳಿಯಿತು.

ಪೇಸ್ಟ್ ಮೆತ್ತಿ ತಗಡು ಸುತ್ತಿದ್ದಾಯಿತು. ತಗಡನ್ನು ಹಿಡಿದಿಡುವ ಎರಡು ಕ್ಲಾಂಪ್ ಬಿಗಿಯುವುದು ಬಾಕಿ. ಅವನು ಕೊನೆಯ ಸಲ ಗಾಡಿ ಚಾಲು ಮಾಡಿ ಬಗ್ಗಿದ.

"ಒಂದ ಕ್ಲಾಂಪ್ ಸಡಲ ಬಿಡೂಣು. ದಿನಾ ಮುಂಜಾನೆ ನೀ ಕೆಳಗ ಬಾ. ಹಿಂಗ ಮಾತಾಡಬಹುದು."

ಹೂಂ ಎನ್ನಬೇಕೆಂದು ರೇಣುವಿನ ಜೀವ ಒದ್ದಾಡಿತು. ದಿನಕ್ಕೆ ಇಷ್ಟು ಸಿಕ್ಕರೂ ಸಾಕಲ್ಲವೇ? ಅವಳು ಮೇಲೆ ನೋಡಿದಳು. ಅದೇ ಗ್ಯಾಲರಿ, ಅದೇ ಪೇಪರ್, ಅದೇ ಸೊಪ್ಪು. ಇಂದು ಇದಕ್ಕೆ ಹೂಂ ಎಂದರೆ ರೂಮು ಕೈಬಿಟ್ಟು ಇದೇ ಕಾಯಂ. ತಲೆ ಬಗ್ಗಿಸಿಕೊಂಡು ಹೊಗೆಯೊಳಗೆ ಬಾಳಬೇಕು, ಬೆಳಕಿನಲ್ಲಿ ಗಂಡ ಪರಕೀಯ.

"ಬ್ಯಾಡ್ರಿ," ಎಂದಳು. "ಸಪ್ಪಳದಾಗ ಹೇಳಿದ್ದನ್ನ ನಾ ಖರೇ ಅಂತ ಹಿಡಿಯೂದಿಲ್ಲ."

ಕೈಚಾಚಿ ಕೀ ತಿರುವಿದಳು. ಅಂಗಳ ಸ್ತಬ್ಧವಾಯಿತು. ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, ಬಟ್ಟೆ ಸುತ್ತಿದ ಕೈಯಿಂದ ಒಂದು ಕ್ಲಾಂಪ್ ಬಿಗಿದಳು, ಇನ್ನೊಂದನ್ನೂ ತಿರುಗದಷ್ಟು ಬಿಗಿದಳು. ಕಣ್ಣೀರು ತುಳುಕುವಂತಿತ್ತು. ತನ್ನ ಕೈಯಾರೆ ತನ್ನ ಸುಖಕ್ಕೆ ಬಾಗಿಲು ಹಾಕುತ್ತಿದ್ದೇನೆಯೇ ಎನಿಸಿತು.

ಶಿವಪ್ರಕಾಶ ಕಿಕ್ ಹೊಡೆದ. ಗಾಡಿ ಮೆಲ್ಲಗೆ ಗುರುಗುಟ್ಟಿತು, ಅಷ್ಟೇ.

"ಅಯ್ಯ, ಎಷ್ಟ ಸುಮ್ಮನಾತು!" ಎಂದು ನಾಗವ್ವ ಮೇಲಿಂದ ಸಂತೋಷಪಟ್ಟರು.

ರೇಣು ಉಳಿದ ತಗಡು, ಬಟ್ಟೆ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದಳು.

"ರೇಣು!"

ಇಡೀ ಚಾಳಿಗೆ ಕೇಳಿಸಿತು. ಮೇಲೆ ಪೇಪರ್ ಕೆಳಗಿಳಿಯಿತು. ಶಿವಪ್ರಕಾಶ ಮಸಿ ಕೈಗಳನ್ನು ಇಳಿಬಿಟ್ಟು ಅಂಗಳದ ನಡುವೆ ನಿಂತಿದ್ದ.

"ಅಪ್ಪಾ, ರಾಂಜಣಗಾಂವದಾಗ ರೂಮ್ ನೋಡೀನ್ರಿ! ದಸರಾ ಆದ ಮ್ಯಾಲೆ ನಾನೂ ರೇಣೂನೂ ಅಲ್ಲೇ ಇರ್ತೀವಿ! ಆಕಿನ್ನ ಬಿಟ್ಟು ನನಗ ಇರಾಕ ಆಗೂದಿಲ್ರಿ!"

"ಗಾಡಿ ಸುಮ್ಮನಾಗೇದಲೇ," ಎಂದರು ಕಾಡಪ್ಪನವರು. "ಒದರಬ್ಯಾಡ, ಕೇಳಸ್ತದ."

ಮಾವ ಪೇಪರನ್ನು ನಿಧಾನವಾಗಿ ಮಡಚಿದರು. ಮಗನನ್ನು ನೋಡಿದರು, ಮೆಟ್ಟಿಲ ಮೇಲೆ ನಿಂತ ಸೊಸೆಯನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಅಲ್ಲಿ ದಿನಾ ನೀರು ಬರ್ತದೇನು?"

ಶಿವಪ್ರಕಾಶನ ಧೈರ್ಯವೆಲ್ಲ ಅಷ್ಟರಲ್ಲೇ ಖರ್ಚಾಗಿತ್ತು.

"ದಿನಾ ಬರ್ತದ್ರಿ, ಮಾವಾರ," ಎಂದುಬಿಟ್ಟಳು ರೇಣು. ಅಂದವಳೇ ನಾಲಿಗೆ ಕಚ್ಚಿಕೊಂಡಳು.

ನಾಗವ್ವನ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು. ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು, ಆಮೇಲೆ ಗಾಡಿಯನ್ನು.

"ಅದನ್ನ ನೀ ಯಾವಾಗ ಕೇಳಿದ್ಯವಾ? ಅದಕ್ಕ ಏನು ಮುಂಜಾನಿಂದ ಟೆಸ್ಟ್ ಮ್ಯಾಲೆ ಟೆಸ್ಟ್!"

ಕಾಡಪ್ಪನವರು ಮಡಚಿದ ಪೇಪರನ್ನು ಮತ್ತೆ ಬಿಡಿಸಿ, ಅದರ ಹಿಂದೆ ಮುಖ ಮುಚ್ಚಿಕೊಂಡರು. ತಡೆದ ನಗೆಗೆ ಪೇಪರ್ ಕುಲುಕುತ್ತಿತ್ತು.

ಕೆಳಗೆ ಶಿವಪ್ರಕಾಶ ಎಲ್ಲರೆದುರು ಅವಳನ್ನೇ ನೋಡುತ್ತಿದ್ದ, ಪೂರ್ತಿ ಮುಖವೆತ್ತಿ. ಅವನ ಗದ್ದದ ಮೇಲೆ ಮಸಿಯ ಗೀಟೊಂದಿತ್ತು. ರೇಣು ಹತ್ತಿದ ಮೆಟ್ಟಿಲು ಇಳಿದು ಬಂದು, ಸೆರಗಿನಿಂದ ಅದನ್ನು ಒರೆಸಿದಳು.