ಕಿರುಬೆರಳಷ್ಟು ಜಾಗ

ಗೂಟ ನೀರಿನ ಅಂಚಿನಲ್ಲಿ ನಿಂತಿತ್ತು.

ಸುಮೇರಾ ಕಣ್ಣುಜ್ಜಿಕೊಂಡಳು. ಹಾನಗಲ್ ಹತ್ತಿರದ ಆ ಕೆರೆಯ ಮೇಲೆ ಮಂಜು ಇನ್ನೂ ಸರಿದಿರಲಿಲ್ಲ. ಕೆರೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು, ದೇವರೇ ಬಲ್ಲ. ನಿನ್ನೆ ಸಂಜೆ ಅವಳೇ ಹುಗಿದ ಗೂಟ ಜೊಂಡಿನ ಈಚೆ, ದಿಬ್ಬದ ಬುಡದಲ್ಲಿತ್ತು. ಈಗ ಆರಕ್ಕೆ ಆರೂ ಗೂಟ ಜೊಂಡು ದಾಟಿ ಆಚೆ ಹೋಗಿದ್ದವು. ಕೆರೆಯೇ ನಿದ್ದೆಯಲ್ಲಿ ಮಗ್ಗುಲು ಬದಲಿಸಿತೇ ಎಂದು ಒಂದು ಗಳಿಗೆ ಅನ್ನಿಸಿತು.

ಅವಳು ಅರಣ್ಯ ರಕ್ಷಕಿ. ಜೌಗು ನೆಲ ಗುರುತಿಸುವ ಐದು ದಿನದ ತರಬೇತಿಗೆ ಬಂದ ಏಳು ಜನರಲ್ಲಿ ಒಬ್ಬಳು. ಗೂಟದ ಸಾಲಿನ ಒಳಗಿದ್ದದ್ದು ಜೌಗು, ಜೊಂಡು ಕೊಯ್ಯಬಹುದು, ಮಣ್ಣು ತುಂಬಿ ಮನೆ ಕಟ್ಟುವಂತಿಲ್ಲ. ಹೊರಗಿದ್ದದ್ದು ಬಯಲು. ಹತ್ತು ಗಂಟೆಗೆ ಮೋಜಣಿದಾರ ಬಂದು ಅಳೆಯುವವನಿದ್ದ.

"ಯಾರ ಕೆಲಸರೀ ಇದು?" ಎಂದರು ಉಳಿವೆಪ್ಪ. ಪಾಠ ಹೇಳುವ ಹಿರಿಯರು, ಮಣ್ಣಿನಲ್ಲೇ ತಲೆ ನರೆತವರು.

ಉತ್ತರ ಬದುವಿನ ಮೇಲಿಂದ ಬಂತು. ಪಕ್ಕದ ಹೊಲದ ಗುದ್ಲೆಪ್ಪ.

"ಇನ್ಯಾರರೀ? ಜೊಂಡು ಕೊಯ್ಯೋ ತಿಪ್ಪವ್ವ. ಗೂಟ ಅಡ್ಡ ಬಂದ್ವು, ಕಿತ್ತು ಕಂಡಲ್ಲಿ ನೆಟ್ಟಾಳ. ನೋಡ್ರಿ, ಗೂಟದ ಗುರ್ತಿನ ಬಟ್ಟಿ ಪಟ್ಟಿ ಸುದ್ದಾ ಜೊಂಡಿನ ಎಸಳಿಂದ ಕಟ್ಟಾಳ. ಆಕೀನ ಹೊರಗ ಹಾಕ್ರಿ. ನೀರಿದ್ದಷ್ಟ ಕೆರಿ. ಇದ್ದ ಗೂಟಾನ ಅಳೀರಿ."

ತಿಪ್ಪವ್ವ ಕುಡಗೋಲು ಹಿಡಿದು ಅಲ್ಲೇ ನಿಂತಿದ್ದಳು. ಮೂವತ್ತು ವರ್ಷದಿಂದ ಆ ಜೊಂಡಿನ ಚಾಪೆ ನೇಯ್ದವಳು.

"ನಾ ಮುಟ್ಟಿಲ್ರಿ. ಈ ಜೊಂಡು ಹೋದ್ರ ನಾ ಏನು ನೇಯ್ಲಿ?"

ಗಂಟೆ ಎಂಟಾಗಿತ್ತು.

* * *

ಸುಮೇರಾ ಹೊಸ ಜಾಗದ ಗೂಟದ ಪಕ್ಕ ಕುಳಿತಳು. ಹುಲ್ಲಿನ ಹೆಂಟೆಯೊಂದು ಮುಚ್ಚಳದಂತೆ ಎದ್ದುಬಂತು. ಕೆಳಗೆ ಸಡಿಲ ಮಣ್ಣು. ಮೊದಲು ಕಪ್ಪು, ಆಮೇಲೆ ಬೂದಿ ಬಣ್ಣ, ಅದರಲ್ಲಿ ತುಕ್ಕಿನ ಚುಕ್ಕೆ.

"ನೀರು ಇವತ್ತ ಇರ್ತೈತಿ, ನಾಳೆ ಹೋಗ್ತೈತಿ. ಮಣ್ಣಿಗೆ ಮರೆವು ಇಲ್ಲ," ಎಂದು ಉಳಿವೆಪ್ಪ ಮೊದಲ ದಿನವೇ ಹೇಳಿದ್ದರು. ಪ್ರತಿ ಗೂಟಕ್ಕೂ ಮೊಳದಾಳದ ಗುಂಡಿ ತೋಡಬೇಕು. ಬಣ್ಣ ನೋಡಬೇಕು; ಬೂದಿಯಲ್ಲಿ ತುಕ್ಕಿನ ಚುಕ್ಕೆ ಇದ್ದರೆ ಅದು ಜೌಗು. ಕೆಳಗಿನದು ಕೆಳಗೆ, ಮೇಲಿನದು ಮೇಲೆ, ಹುಲ್ಲು ಕೊನೆಗೆ ಎಂದು ಮುಚ್ಚಬೇಕು.

ತಿಪ್ಪವ್ವ ಕೋಪಕ್ಕೆ ಗೂಟ ಕಿತ್ತಿದ್ದರೆ ಗುಂಡಿ ಏಕೆ ತೋಡುತ್ತಿದ್ದಳು? ಅದನ್ನು ಪದರ ಪದರವಾಗಿ ಏಕೆ ಮುಚ್ಚುತ್ತಿದ್ದಳು? ಇದು ಪಾಠ ಕೇಳಿದ ಕೈ. ಏಳರಲ್ಲಿ ಒಂದು.

ಸುಮೇರಾ ಜೊಂಡಿನ ಗಂಟಿಗೆ ಕೈ ಹಾಕಿದಳು. ಅವಳ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಆ ಸಡಿಲು ಅವಳಿಗೆ ಗುರುತಿನದು.

"ಚಹಾ ಆರ್ತೈತಿ, ತಂಗಿ," ಎಂದ ಮಜೀದ, ಕಪ್ಪು ಚಾಚಿ.

ಮಜೀದನೂ ಆ ಏಳರಲ್ಲಿ ಒಬ್ಬ, ಸವಣೂರಿನವನು, ಅವಳದೇ ಓಣಿಯವನು. ನಿನ್ನೆ ಚಳಿಯಲ್ಲಿ ತನ್ನ ಶಾಲು ಬಿಚ್ಚಿ ಅವಳಿಗೆ ಕೊಟ್ಟಿದ್ದ. ಈ ಕೆಲಸ ಬೇರೆ ಯಾರದ್ದಾದರೂ ಆಗಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

* * *

"ಎಲ್ಲಾರೂ ಒಂದೊಂದು ಎಸಳು ತಗೊಳ್ರಿ," ಎಂದಳು ಸುಮೇರಾ. "ಈ ಕೋಲಿಗೆ ಪಟ್ಟಿ ಕಟ್ರಿ. ತಿಪ್ಪವ್ವ, ನೀವೂ."

ತಿಪ್ಪವ್ವ ಎಳೆದು ಬಿಗಿದಳು. "ನಾ ಕಟ್ಟಿದ್ದು ಬಿಚ್ಚಾಕ ಕುಡಗೋಲ ಬೇಕವ್ವ," ಎಂದಳು. ಶಿಗ್ಗಾವಿಯ ಕುತುಬುದ್ದೀನ ಬಿಗಿದ. ಉಳಿದ ನಾಲ್ವರೂ ಬಿಗಿದರು. ಮಜೀದ ನಗುನಗುತ್ತ ಕಟ್ಟಿದ.

ಅವನ ಗಂಟಿನೊಳಗೆ ಸುಮೇರಾ ಕಿರುಬೆರಳು ತೂರಿಸಿದಳು.

"ಮಜೀದ ಭಾಯಿ, ಈ ಕೋಲು ಇನ್ನ ದಪ್ಪ ಆಗ್ತೈತೇನ್ರಿ?"

ಅವನ ನಗು ನಿಂತಿತು.

"ಸರ್," ಎಂದು ಅವಳು ಉಳಿವೆಪ್ಪನವರ ಕಡೆ ತಿರುಗಿದಳು. "ಗುಂಡಿ ಮುಚ್ಚಿದ ರೀತಿ ನಮ್ಮ ತರಬೇತೀದು. ಗಂಟು ಸವಣೂರಿನ ವೀಳ್ಯದೆಲಿ ತೋಟದ್ದು. ಎಳಿ ಬಳ್ಳೀನ ಬಿಗದು ಕಟ್ಟಿದ್ರ ಅದು ಸಾಯ್ತೈತಿ. ಅದಕ್ಕ ಬಳ್ಳಿ ಬೆಳ್ಯಾಕ ಕಿರುಬೆರಳಷ್ಟು ಜಾಗ ಬಿಡ್ತೇವಿ. ನಮ್ಮ ತಂಡದಾಗ ಹಂಗ ಕಟ್ಟೋರು ಇಬ್ಬರ. ಒಬ್ಬಾಕಿ ನಾನು. ನಿನ್ನೆ ಸಂಜಿ ಗೂಟ ಹುಗದ ಮ್ಯಾಲ ಎಲ್ಲಾರೂ ಸಾಲಿ ಕಟ್ಟಿ ಮ್ಯಾಲ ಕುಂತು ಗಿರಮಿಟ್ ತಿನ್ನಾಕತ್ತಿದ್ವಿ. ಒಂದು ತಾಸು ಕಾಣದಿದ್ದಾಂವ ಒಬ್ಬನ."

ಮಜೀದ ತನ್ನ ಕೈಗಳನ್ನೇ ನೋಡಿಕೊಂಡ. ಅವು ತನ್ನವೇ ಎಂದು ನಂಬದವನ ಹಾಗೆ.

"ಕೀಳೋವಾಗ ಎರಡು ಪಟ್ಟಿ ದಾರ ಹರದ್ವು, ಎಸಳಿಂದ ಕಟ್ಟಿದೆ," ಎಂದ ಕೊನೆಗೆ. "ಜೊಂಡು ಹೊರಗುಳದ್ರ ಅಲ್ಲಿ ಸೈಟ್ ಮಾಡ್ತೇನಿ, ಮೂಲಿ ಸೈಟ್ ನಿನಗ ಅಂದ ಗುದ್ಲೆಪ್ಪ. ಅಮ್ಮಾ ಬಾಡಿಗಿ ಮನ್ಯಾಗ ಕಣ್ಣು ಮುಚ್ಚಬಾರ್ದು ಅಂತ..."

ಬದುವಿನ ಮೇಲೆ ಗುದ್ಲೆಪ್ಪನ ಸುಳಿವಿರಲಿಲ್ಲ. ಉಳಿವೆಪ್ಪ ಪೊಲೀಸ್ ಠಾಣೆಗೆ ಫೋನ್ ಹಚ್ಚಿದರು.

* * *

ಸುಮೇರಾ ಚಪ್ಪಲಿ ಬಿಟ್ಟು ದಿಬ್ಬದ ಬುಡದಲ್ಲಿ ಮೆಲ್ಲಗೆ ನಡೆದಳು. ತೋಡಿ ಮುಚ್ಚಿದ ಮಣ್ಣು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಆರು ಕಡೆ ಹಿಮ್ಮಡಿ ಕುಸಿಯಿತು. ಆರು ಕಡೆ ತಿಪ್ಪವ್ವ ಗೂಟ ಹುಗಿದಳು. ಜೊಂಡು ಪೂರ್ತಿ ಒಳಗೆ ಬಂತು. ಮಂಜು ಕರಗಿ, ನೀರಿನ ಮೇಲೆ ಬಿಸಿಲು ಬಿತ್ತು.

ಕೊನೆಯ ಗೂಟಕ್ಕೆ ಎಸಳಿಂದ ಪಟ್ಟಿ ಕಟ್ಟಿ ಸುಮೇರಾ ನೋಡಿದಳು. ಕಿರುಬೆರಳಷ್ಟು ಜಾಗ ಬಿಟ್ಟಿದ್ದಳು. ಅವಳಿಗೆ ಅಳು ಬಂತು.

ಗಂಟು ಬಿಚ್ಚಿ ಎಸಳನ್ನು ತಿಪ್ಪವ್ವನ ಕೈಗೆ ಕೊಟ್ಟಳು.

"ನೀವ ಕಟ್ರಿ," ಎಂದಳು.