ಸ್ಪೀಕರ್ ಜೋಡಿಸಿದ ದಿನ

ಓಮೊಡಿಂಗ್ ಮೇಷ್ಟ್ರಿಗೆ ವಿಡಿಯೊ ತೆಗೆಯಲು ಬರುವುದಿಲ್ಲ ಎಂದು ಕೆಮಿರೆಂಬೆ ಎಂದೋ ತೀರ್ಮಾನಿಸಿಬಿಟ್ಟಿದ್ದಳು.

ಫೋರ್ಟ್ ಪೋರ್ಟಲ್ ಊರಿನ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಅವನು ವ್ಯಾಯಾಮದ ಮೇಷ್ಟ್ರು, ಅವಳು ಜೀವಶಾಸ್ತ್ರದ ಟೀಚರ್. ಹುಡುಗಿಯರ ಹೈಜಂಪನ್ನು ಅವನು ಫೋನಿನಲ್ಲಿ ಹಿಡಿಯುತ್ತಿದ್ದ. ಆಮೇಲೆ ಎಲ್ಲರೂ ಅವಳ ಲ್ಯಾಬಿಗೆ ಬರುತ್ತಿದ್ದರು. ಪ್ರೊಜೆಕ್ಟರ್ ಇದ್ದದ್ದು ಅಲ್ಲಿ ಮಾತ್ರ. ಗೋಡೆಯ ಮೇಲೆ ಜಿಗಿತವನ್ನು ನಿಲ್ಲಿಸಿ ನಿಲ್ಲಿಸಿ, "ಎಡಗಾಲು ಎಲ್ಲಿದೆ ನೋಡು" ಎಂದು ತೋರಿಸುತ್ತಿದ್ದ. ಪಾಠ ಒಳ್ಳೆಯದೇ. ಆದರೆ ಚಿತ್ರ ಆಗಾಗ ಬಾರ್ ಬಿಟ್ಟು ಜಾರಿ, ಸ್ಟಾಫ್ ರೂಮಿನ ಕಡೆಯ ಹುಲ್ಲಿಗೆ ಹೋಗುತ್ತಿತ್ತು.

"ಮೇಷ್ಟ್ರೇ, ನಿಮ್ಮ ಕ್ಯಾಮೆರಾಕ್ಕೆ ಕತ್ತು ಉಳುಕಿದ್ಯಾ?" ಎಂದು ಒಮ್ಮೆ ಹುಡುಗಿಯರ ಮುಂದೆಯೇ ಕೇಳಿದ್ದಳು.

"ಗಾಳಿ, ಮೇಡಂ."

ಮೇಡಂ! ಆ ಊರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಅಕ್ಕರೆಯ ಹೆಸರಿರುತ್ತದೆ, ಎಂಪಾಕೋ. ಅದನ್ನು ಕೇಳದೆ ಯಾರೂ ಮಾತಿಗೆ ಇಳಿಯುವುದಿಲ್ಲ. ಹೆಡ್‌ಮಿಸ್ಟ್ರೆಸ್‌ನಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವಳು ಅಬ್ವೂಲಿ. ಇವನೊಬ್ಬನಿಗೆ ಮೇಡಂ. ಸೊರೋಟಿ ಕಡೆಯವನು, ಅಲ್ಲಿ ಈ ಪದ್ಧತಿ ಇಲ್ಲ, ನಿಜ. ಎಂಟು ತಿಂಗಳಲ್ಲಿ ಕಲಿಯಬಾರದೆ?

ಅವನ ಮೇಲೆ ಅವಳಿಗೆ ಮನಸ್ಸಾಗಿ ಏಳು ತಿಂಗಳಾಗಿತ್ತು. ಅವನ ಮೇಡಂ ಸಾಕಾಗಿಹೋಗಿ ದೂರದ ಜಿಂಜಾಕ್ಕೆ ವರ್ಗ ಕೇಳಿದ್ದಳು; ಅದು ಶಾಲೆಗೆಲ್ಲ ಗೊತ್ತಿತ್ತು. ಪತ್ರ ಬಂದಿತ್ತು, ಆ ದಿನ ಸಂಜೆಯೊಳಗೆ ಒಪ್ಪಿಗೆಯ ಸಹಿ ಹಾಕಿ ಕೊಡಬೇಕಿತ್ತು. ಅದು ಅವಳ ಬಿಳಿ ಕೋಟಿನ ಜೇಬಿನಲ್ಲೇ ಇತ್ತು.

ಎದೆಬಡಿತ ಕೇಳಿಸುವ ಪಾಠಕ್ಕೆಂದು ಅಂದು ಬೆಳಿಗ್ಗೆ ಅವಳು ಪ್ರೊಜೆಕ್ಟರಿಗೆ ಸ್ಪೀಕರ್ ಜೋಡಿಸಿದ್ದಳು. ಓಮೊಡಿಂಗ್‌ಗೆ ಅದು ಗೊತ್ತಿರಲಿಲ್ಲ. ಅವನ ವಿಡಿಯೊಗಳು ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದೆ ಓಡಿದ್ದವು.

ಗೋಡೆಯ ಮೇಲೆ ಕೋಬುಸಿಂಗೆ ಎಂಬ ಉದ್ದನೆಯ ಹುಡುಗಿ ಓಡಿ ಬಂದಳು, ಜಿಗಿದಳು. ಚಿತ್ರ ಜಾರಿತು. ಹುಲ್ಲು, ಹಸಿರು ಕೊಡೆ, ಕೊಡೆಯ ಕೆಳಗೆ ಕೆಮಿರೆಂಬೆ. ಸ್ಪೀಕರ್ ಓಮೊಡಿಂಗ್‌ನ ದನಿಯಲ್ಲಿ ಮಾತಾಡಿತು:

"ಅಬ್ವೂಲಿ, ಜಿಂಜಾಕ್ಕೆ ಹೋಗ್ಬೇಡಿ... ಥೂ, ಹೀಗಲ್ಲ. ಅಬ್ವೂಲಿ, ನೀವು ಹೋದ್ರೆ ನಾನಿಲ್ಲಿ ಏನ್ಮಾಡ್ಲಿ?"

ಲ್ಯಾಬಿನಲ್ಲಿದ್ದ ಮೂವತ್ತು ಹುಡುಗಿಯರು ಒಟ್ಟಿಗೆ ಕಿರುಚಿದರು. ಓಮೊಡಿಂಗ್ ರಿಮೋಟ್ ಮೇಜಿನ ಮೇಲಿಟ್ಟು ಹೊರಗೆ ನಡೆದ.

"ನಾನು ಬಾರ್ ದಾಟಿದ್ನೋ ಇಲ್ವೋ, ಅದೇ ಕಾಣ್ಲಿಲ್ಲ!" ಎಂದಳು ಕೋಬುಸಿಂಗೆ.

"ಕೂತ್ಕೊಳ್ರೇ ಸುಮ್ನೆ," ಎಂದಳು ಕೆಮಿರೆಂಬೆ. ಕೈ ಮಾತ್ರ ಕೋಟಿನ ಜೇಬು ಹುಡುಕುತ್ತಿತ್ತು.

ಗಂಟೆ ಹೊಡೆದ ಮೇಲೆ ಮೈದಾನಕ್ಕೆ ಹೋದಳು. ಅವನು ಹುಲ್ಲು ತುಂಬಿದ ಚೀಲಗಳ ಮೇಲೆ, ಹುಡುಗಿಯರು ಬೀಳುವ ಜಾಗದಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದ.

"ತಪ್ಪಾಯ್ತು, ಮೇಡಂ."

"ಮತ್ತೆ ಮೇಡಂ? ನನ್ನ ಎಂಪಾಕೋ ಗೊತ್ತಿದ್ದೂ ಇಷ್ಟು ದಿನ ಯಾಕೆ ಕರೀಲಿಲ್ಲ?"

"ನಿಮ್ಮಲ್ಲಿ ಇಬ್ರೂ ಒಬ್ಬರನ್ನೊಬ್ರು ಎಂಪಾಕೋ ಹಿಡಿದು ಕರೀತಾರೆ. ನಾನು ಕರೆದ್ರೆ ನೀವೂ ತಿರುಗಿ ಕರೀಬೇಕಲ್ಲ? ನನಗೆ ಅಂಥ ಹೆಸರೇ ಇಲ್ಲ. ಬರೀ ಕೈಯಲ್ಲಿ ಹೇಗೆ ಬರ್ಲಿ?"

ಕೆಮಿರೆಂಬೆಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

"ಇಲ್ದಿದ್ರೆ ಕೇಳ್ಬೇಕು, ಪೆದ್ದಪ್ಪ! ಕೇಳಿದ್ರೆ ಕೊಡ್ತಾರೆ."

"ಕೊಡ್ತೀರಾ?"

"ಅಪೂಲಿ."

ಅವನು ಹೆಸರನ್ನು ಬಾಯೊಳಗೇ ಹೇಳಿ ನೋಡಿಕೊಂಡ. ಆಮೇಲೆ ಅವಳತ್ತ ನೋಡಿ, ಈ ಸಲ ಗಟ್ಟಿಯಾಗಿ, "ಅಬ್ವೂಲಿ, ಹೋಗ್ಬೇಡಿ," ಎಂದ.

ಅವಳು ಜೇಬಿನಿಂದ ಪತ್ರ ತೆಗೆದು ನಾಲ್ಕು ತುಂಡು ಮಾಡಿದಳು. "ಹೋಗಲ್ಲ, ಅಪೂಲಿ. ನಿಮ್ಮನ್ನ ಬಿಟ್ಟು ಹೋಗೋಕೆ ನನಗೂ ಮನಸ್ಸಿರ್ಲಿಲ್ಲ."

ಮರುದಿನ ಕೋಬುಸಿಂಗೆಯ ಜಿಗಿತವನ್ನು ಮತ್ತೆ ತೆಗೆಯಬೇಕಾಯಿತು. ಈ ಸಲ ಫೋನು ಹಿಡಿದದ್ದು ಕೆಮಿರೆಂಬೆ. ಲ್ಯಾಬಿನ ಗೋಡೆಯ ಮೇಲೆ ಹುಡುಗಿ ಓಡಿ ಬಂದಳು, ಕಾಲೆತ್ತಿದಳು. ಚಿತ್ರ ಮೆಲ್ಲಗೆ ಜಾರಿ, ಸೀಟಿ ಹಿಡಿದು ನಿಂತ ಮೇಷ್ಟ್ರ ಮುಖದ ಮೇಲೆ ನಿಂತಿತು. ಅಲ್ಲೇ ನಿಂತೇ ಇತ್ತು.

ಓಮೊಡಿಂಗ್ ಹುಬ್ಬೇರಿಸಿ ಅವಳತ್ತ ತಿರುಗಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಮೂವತ್ತು ಹುಡುಗಿಯರೂ ಒಂದೇ ದನಿಯಲ್ಲಿ ಹೇಳಿದರು:

"ಗಾಳಿ, ಮೇಷ್ಟ್ರೇ!"